ಎರಡು ಸೀಟಿ ಊದಿದರೆ ರೈಟ್

ಅಕ್ಟೋಬರ್ 14, 2024, ಸೋಮವಾರ

ಈ ಡೈರಿ ಇನ್ಶೂರೆನ್ಸ್ ಏಜೆಂಟ್ ಸ್ವಾಮಿ ಜನವರಿಯಲ್ಲಿ ಕೊಟ್ಟದ್ದು. ಒಂಬತ್ತು ತಿಂಗಳು ಟಿ.ವಿ. ಕೆಳಗೆ ಬಿದ್ದಿತ್ತು. ಇವತ್ತು ಧೂಳು ಕೊಡವಿ ತೆಗೆದೆ. ಹೆಂಡತಿಗೆ ಒಂದು ಸುಳ್ಳು ಹೇಳಿದ್ದೇನೆ, ಹೇಳಿದ್ದು ಮರೆತು ನಾಳೆ ಬೇರೆ ಏನಾದರೂ ಹೇಳಿಬಿಟ್ಟರೆ ಕಷ್ಟ. ಎಲ್ಲಾದರೂ ಬರೆದಿಟ್ಟುಕೊಳ್ಳಬೇಕಲ್ಲ.

ಸುಳ್ಳು ಇದು: ಕನಕಪುರ ರಸ್ತೆಯ ಒಂದು ನರ್ಸರಿಯಲ್ಲಿ ನನಗೆ ಸೂಪರ್‌ವೈಸರ್ ಕೆಲಸ ಸಿಕ್ಕಿದೆ. ಮೊಣಕಾಲಿಗಿಂತ ಎತ್ತರದ ಗಿಡ ಅಲ್ಲಿ ಒಂದೂ ಇಲ್ಲ.

ನಿಜ ಇದು: ನಲವತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಮರ ಹತ್ತುವ ಕೆಲಸಕ್ಕೆ ಸೇರಿದ್ದೇನೆ.

ಇಪ್ಪತ್ತೆರಡು ವರ್ಷ ಚನ್ನಪಟ್ಟಣ–ಸಾತನೂರು ಪ್ರೈವೇಟ್ ಬಸ್ಸಿನಲ್ಲಿ ನಾನು ಕಂಡಕ್ಟರ್, ಬಾಬಾಜಾನ್ ಡ್ರೈವರ್. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು ನೋಡಿ, ನಮ್ಮ ಬಸ್ಸು ಖಾಲಿ. ಮೊದಲು ಬಿಟ್ಟು ಹೋದವಳು ನನ್ನ ಹೆಂಡತಿ ಮಮತಾ. ನಮ್ಮ ಬಸ್ಸಿನಲ್ಲೂ ನಿನಗೆ ಫ್ರೀಯೇ ಅಲ್ಲವೇನೇ ಅಂದರೆ, ಅಲ್ಲಿ ಕೈಗೆ ಟಿಕೆಟ್ ಕೊಡುತ್ತಾರೆ, ನೀವು ಯಾವತ್ತಾದರೂ ಕೊಟ್ಟಿದ್ದೀರಾ ಅಂದಳು. ಮಾಲೀಕರು ಇನ್ನಷ್ಟು ದಿನ ಎಳೆದು, ಕೊನೆಗೆ ಬಸ್ಸು ಮಾರಿದರು.

ಹೋದ ತಿಂಗಳು ಬಾಬಾಜಾನ್ ಯಾರದೋ ಜೀಪು ಓಡಿಸಲು ಹೋದ. ಅದರಲ್ಲಿದ್ದವರು ಪದ್ಮಶ್ರೀ ಮೇಡಂ. ಅವರು ಮರದ ಡಾಕ್ಟರು. ತೋಟದ ಮನೆ, ಸ್ಕೂಲು, ರಸ್ತೆಬದಿ, ಎಲ್ಲೆಲ್ಲಿ ಮರಕ್ಕೆ ರೋಗವೋ, ಕೊಂಬೆ ಬೀಳುವ ಹಾಗಿದೆಯೋ, ಅಲ್ಲಿ ಹಗ್ಗ ಕಟ್ಟಿ ಹತ್ತಿ, ಬೇಕಾದಷ್ಟೇ ಕೊಯ್ದು ಮರವನ್ನು ಉಳಿಸುತ್ತಾರೆ. ಇಬ್ಬರು ನಂಬಿಕಸ್ಥರು ಬೇಕಾಗಿದ್ದರಂತೆ. ಬಾಬಾಜಾನ್ ತನ್ನ ಹೆಸರಿನ ಜೊತೆ ನನ್ನದನ್ನೂ ಕೊಟ್ಟು ಬಂದ.

ಅಕ್ಟೋಬರ್ 16, ಬುಧವಾರ

ಸುಳ್ಳು ಯಾಕೆ ಅನ್ನುವುದನ್ನೂ ಬರೆದುಬಿಡುತ್ತೇನೆ.

ಹೆಣ್ಣು ನೋಡಲು ಬೈರಾಪಟ್ಟಣಕ್ಕೆ ಹೋದಾಗ ನನ್ನ ಅತ್ತೆ ಚಿಕ್ಕಲಕ್ಷ್ಮಮ್ಮ ಜಮೀನೆಷ್ಟು, ಸಂಬಳವೆಷ್ಟು ಅಂತ ಕೇಳಲಿಲ್ಲ. “ಮರ ಹತ್ತೀಯೇನಪ್ಪ?” ಅಂತ ಕೇಳಿದರು. ಬಸ್ಸಿನ ಟಾಪ್ ಬಿಟ್ಟರೆ ಬೇರೇನೂ ಹತ್ತುವುದಿಲ್ಲ ಅಂತ ಜಂಬದಲ್ಲಿ ಹೇಳಿದೆ. ಮಾತು ಅಲ್ಲಿಗೆ ಮುಗಿದು ಮದುವೆಯಾಯಿತು.

ಮಮತಾಳಿಗೆ ಹನ್ನೆರಡು ವರ್ಷವಿದ್ದಾಗ ಅವಳಪ್ಪ ಗಂಗಯ್ಯ ಹಿತ್ತಲ ಹುಣಸೆಮರದಿಂದ ಬಿದ್ದು ಸತ್ತರು. ಹಣ್ಣು ಬಡಿಯಲು ಹತ್ತಿದವರು ಕೊಂಬೆ ಸಮೇತ ಕೆಳಗೆ ಬಂದರು. ಸೊಂಟದಷ್ಟು ದಪ್ಪದ ಹಸಿರು ಕೊಂಬೆ ಸುಮ್ಮಸುಮ್ಮನೆ ಮುರಿಯುತ್ತದೆಯೇ, ಕುಡಿದು ಮೇಲೆ ನಿಂತು ಕುಣಿದಿದ್ದಾನೆ ಅಂತ ಊರು ತೀರ್ಮಾನ ಮಾಡಿತು. ಅವರು ಕುಡಿಯುತ್ತಿದ್ದದ್ದು ನಿಜ. ಆವತ್ತು ಮುಟ್ಟಿರಲಿಲ್ಲ ಅಂತ ಅತ್ತೆ ಹೇಳಿದ್ದನ್ನು ಯಾರೂ ನಂಬಲಿಲ್ಲ. ಮಮತಾಳೂ ನಂಬಲಿಲ್ಲ. ‘ಕುಡುಕ ಗಂಗಯ್ಯನ ಮಗಳು’ ಅನ್ನಿಸಿಕೊಂಡೇ ಸ್ಕೂಲು ಮುಗಿಸಿದಳು. ಈಗಲೂ ತವರಿಗೆ ಹೋದರೆ ಜಗಲಿಯಲ್ಲಿ ಕೂರುತ್ತಾಳೆ, ಹಿತ್ತಲಿಗೆ ಕಾಲಿಡುವುದಿಲ್ಲ. ಅಪ್ಪನ ಫೋಟೋಗೆ ಹೂವನ್ನೂ ಹಾಕುವುದಿಲ್ಲ.

ಇಂಥವಳ ಎದುರು ಮರ ಹತ್ತುತ್ತೇನೆ ಅಂತ ಯಾವ ಬಾಯಲ್ಲಿ ಹೇಳಲಿ. ನರ್ಸರಿಯೇ ಸರಿ.

ಅಕ್ಟೋಬರ್ 22, ಮಂಗಳವಾರ

ಇವತ್ತು ಹತ್ತಿದೆ. ಹತ್ತಿದೆ ಅನ್ನುವುದು ದೊಡ್ಡ ಮಾತು. ಹನ್ನೆರಡು ಅಡಿ ಹೋಗಿ ಮರವನ್ನು ತಬ್ಬಿಕೊಂಡು ಕಾಲು ಗಂಟೆ ಇದ್ದೆ.

ಯಾರು ಹತ್ತಬೇಕು ಅನ್ನುವ ಪ್ರಶ್ನೆಯೇ ಬರಲಿಲ್ಲ. ಬಾಬಾಜಾನ್ ತನ್ನ ಕ್ಲಚ್ ಕಾಲು ಸವೆದು ಹೋಗಿದೆ ಅಂತ ಮೇಡಂ ಮುಂದೆ ಕುಂಟಿ ತೋರಿಸಿದ. ಮಧ್ಯಾಹ್ನ ಊಟಕ್ಕೆ ಕರೆದಾಗ ಅದೇ ಕಾಲಿನಲ್ಲಿ ಓಡಿದ. “ಟಾಪ್ ಮ್ಯಾಲೆ ಸೈಕಲ್ಲು, ಮೂಟೆ, ಕೋಳಿ ಕುಕ್ಕೆ ಎಲ್ಲಾ ಕಟ್ಟಿದೀಯ, ಇದೂ ಅಷ್ಟೇ ಕಣ್ಲಾ,” ಅಂದ. ಬಸ್ಸಿನ ಏಣಿ ಗಾಳಿ ಬಂದರೆ ಅಲ್ಲಾಡುವುದಿಲ್ಲ ಅನ್ನುವುದು ಅವನಿಗೇನು ಗೊತ್ತು.

ಪದ್ಮಶ್ರೀ ಮೇಡಂಗೆ ಮೂವತ್ತೆರಡೋ ಮೂವತ್ಮೂರೋ ಇರಬೇಕು. ರಾಮನಗರದ ಬಂಡೆಗಳ ಮೇಲೆ ಹಗ್ಗ ಹಿಡಿದು ಹತ್ತುವುದನ್ನು ಕಲಿತವರು. ಕೆಳಗಿದ್ದಾಗ ನಮ್ಮನ್ನು ಅಣ್ಣ ಅನ್ನುತ್ತಾರೆ, ಮೇಲಿದ್ದಾಗ ಹೆಸರು ಹಿಡಿದು ಕೂಗುತ್ತಾರೆ. ಕೆಲಸದ ಪದ್ಧತಿ ಹೀಗೆ: ನಾನು ಬೆಲ್ಟು ಹಾಕಿಕೊಂಡು ನನ್ನ ಹಗ್ಗದಲ್ಲಿರುತ್ತೇನೆ. ಕೊಯ್ಯುವ ಕೊಂಬೆಗೆ ಇನ್ನೊಂದು ಹಗ್ಗ, ಅದರ ತುದಿ ಕೆಳಗೆ ಬಾಬಾಜಾನ್ ಕೈಯಲ್ಲಿ. ಕೊಂಬೆ ಕಡಿದು ತೂಗಾಡುವಾಗ ನಾನು ಹೇಳಿದರೆ ಮಾತ್ರ ಅವನು ಹಗ್ಗ ಬಿಡುತ್ತಾ ಇಳಿಸಬೇಕು.

ಬಾಯಲ್ಲಿ ಕೂಗಿ ಹೇಳಿ, ಕೇಳಿದವರು ತಿರುಗಿ ಹೇಳಿ ಅಂದರು ಮೇಡಂ. ನಾವಿಬ್ಬರೂ ನಕ್ಕೆವು. ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ರೈಟ್. ಇಪ್ಪತ್ತೆರಡು ವರ್ಷ ಒಂದು ದಿನ ತಪ್ಪಿಲ್ಲ. ಜೇಬಿನಿಂದ ನನ್ನ ಹಳೇ ಸೀಟಿ ತೆಗೆದು ತೋರಿಸಿದೆ. ಅವರಿಗೆ ಇಷ್ಟವಾಗಲಿಲ್ಲ, ಆದರೂ ಒಪ್ಪಿಕೊಂಡರು.

ಕೈ ತುಂಬ ಕೆಂಜಿಗ ಕಚ್ಚಿದ ಗುರುತು. ಮಮತಾ ಕೇಳಿದಳು. ಗುಲಾಬಿ ಮುಳ್ಳು ಅಂದೆ. ಹಾಗಾದರೆ ನಾಳೆ ಒಂದು ಗುಲಾಬಿ ಗಿಡ ತನ್ನಿ ಅಂದಳು.

ಅಕ್ಟೋಬರ್ 23

ಚನ್ನಪಟ್ಟಣದಲ್ಲಿ ಒಂದು ಗುಲಾಬಿ ಗಿಡ ಕೊಂಡು ತಂದೆ.

ನವೆಂಬರ್ 5, ಮಂಗಳವಾರ

ಮನೆಯಲ್ಲಿ ಈಗ ಆರು ಗುಲಾಬಿ ಕುಂಡ. ಒಂದೊಂದು ಗಾಯಕ್ಕೆ ಒಂದೊಂದು ಗಿಡ. ಪಕ್ಕದ ಮನೆಯವರು ತಮಗೂ ಎರಡು ಬೇಕು, ನರ್ಸರಿ ರೇಟಿನಲ್ಲೇ ಕೊಡಿಸಿ ಅಂದಿದ್ದಾರೆ.

ಕೆಲಸ ಒಸಿ ಕೈಗೆ ಹತ್ತುತ್ತಿದೆ. ದೊಡ್ಡ ಕೊಂಬೆಯನ್ನು ಮೊದಲು ಅಡಿಯಿಂದ ಸ್ವಲ್ಪ ಕೊಯ್ಯಬೇಕು, ಆಮೇಲೆ ಮೇಲಿನಿಂದ. ಇಲ್ಲದಿದ್ದರೆ ಬೀಳುವಾಗ ತೊಗಟೆ ಸಿಗಿದುಕೊಂಡು ಹೋಗುತ್ತದೆ. ಕೊಂಬೆ ಬುಡದಲ್ಲಿ ಒಂದು ಉಬ್ಬು ಇರುತ್ತದೆ, ಅದನ್ನು ಮುಟ್ಟಬಾರದು. ಆ ಉಬ್ಬೇ ಬೆಳೆದು ಗಾಯ ಮುಚ್ಚುವುದು. ಬಸ್ಸಿನಲ್ಲಿದ್ದಾಗ ಮರ ಅಂದರೆ ನನಗೆ ಎರಡೇ: ಸ್ಟಾಪಿನ ಹೆಸರು, ಇಲ್ಲವೇ ಟಾಪ್ ಮೇಲೆ ಕೂತವರ ತಲೆಗೆ ಬಡಿಯುವ ಪೀಡೆ. ಅದಕ್ಕೆ ಇಷ್ಟೆಲ್ಲ ಉಪಚಾರ ಬೇಕಾ ಅನ್ನಿಸುತ್ತದೆ. ಸಂಬಳ ಕೊಡುತ್ತಾರೆ, ಮಾಡುತ್ತೇನೆ.

ನವೆಂಬರ್ 19, ಮಂಗಳವಾರ

ಮಾಗಡಿ ರಸ್ತೆಯಲ್ಲಿ ಒಬ್ಬರು ತಮ್ಮ ಬೇವಿನ ಮರವನ್ನು ಬೋಳಿಸಿ ಕಂಬ ಮಾಡಿ ಅಂದರು. ಕಾರಿನ ಮೇಲೆ ಎಲೆ ಬೀಳುತ್ತದಂತೆ. ಕಾರನ್ನು ಆ ಕಡೆ ನಿಲ್ಲಿಸಿ ಅಂದೆ. ಜಾಗ ನನ್ನದು ಅಂದರು. ಮರ ನಿಮಗಿಂತ ಮೊದಲು ಸೀಟು ಹಿಡಿದಿದೆ ಅಂದೆ. ಅರ್ಧ ಗಂಟೆ ಜಗಳ. ಕೊನೆಗೆ ಅವರೇ ಕಾರು ಜರುಗಿಸಿದರು. ಪ್ಯಾಸೆಂಜರ್ ಪರವಾಗಿ ನೀನು ಯಾವತ್ತೂ ಇಷ್ಟು ಮಾತಾಡಿರಲಿಲ್ಲ ಅಂತ ಬಾಬಾಜಾನ್ ದಾರಿಯುದ್ದಕ್ಕೂ ಆಡಿಕೊಂಡ. ಇವತ್ತು ತಲೆ ಕೆಟ್ಟಿತ್ತು ಅಷ್ಟೇ, ಬಿಸಿಲು ಜಾಸ್ತಿಯಿತ್ತು.

ಮಧ್ಯಾಹ್ನ ಮೇಡಂ ಮರದ ಸುತ್ತಿಗೆಯಿಂದ ಕೊಂಬೆ ತಟ್ಟಿ ಕೇಳುವುದನ್ನು ಕಲಿಸಿದರು. ಗಟ್ಟಿಯಿದ್ದರೆ ಒಂದು ಶಬ್ದ, ಒಳಗೆ ಟೊಳ್ಳಿದ್ದರೆ ಖಾಲಿ ಡಬ್ಬದ ಶಬ್ದ. ಮೇಲೆಲ್ಲ ಹಸಿರಿದ್ದು ಒಳಗೆ ಏನೂ ಇಲ್ಲದ ಕೊಂಬೆಯೊಂದನ್ನು ತೋರಿಸಿದರು. ಕೆಳಗೆ ನಿಂತು ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ನನಗೆ ಮಾವನವರ ನೆನಪಾಯಿತು. ಮುರಿದ ಬುಡದಲ್ಲಿ ಟೊಳ್ಳಿದ್ದರೆ ಮುರಿಯುವ ಮೊದಲೇ ಇತ್ತು ಅಂತ ಹೇಳಬಹುದಾ ಅಂದೆ. ಆಗುವುದಿಲ್ಲ, ಮುರಿದ ಜಾಗದಲ್ಲಿ ನೀರು ನಿಂತು ಆಮೇಲೂ ಟೊಳ್ಳಾಗುತ್ತದೆ ಅಂದರು. ಯಾಕೆ ಅಂತ ಕೇಳಿದರು. ಸುಮ್ಮನೆ ಅಂದೆ.

ಡಿಸೆಂಬರ್ 7, ಶನಿವಾರ

ಸಿಕ್ಕಿಬಿದ್ದೆ.

ವಿರೂಪಾಕ್ಷಿಪುರದ ಆಚೆಗೆ ಗೋಣಿಮರ ಸ್ಟಾಪು. ಇಪ್ಪತ್ತೆರಡು ವರ್ಷ ನಾನು ಕೂಗಿದ ಸ್ಟಾಪು. ಆ ಗೋಣಿಮರದ ಒಣಕೊಂಬೆ ಬಸ್ಸಿಗೆ ಕಾಯುವವರ ನೆತ್ತಿಯ ಮೇಲಿದೆ, ತೆಗೆಯಿರಿ ಅಂತ ಪಂಚಾಯ್ತಿಯವರು ಮೇಡಂಗೆ ಹೇಳಿದ್ದರು. ಜನರನ್ನು ದೂರ ನಿಲ್ಲಿಸಿ ಹಗ್ಗ ಕಟ್ಟಿದೆವು. ನಾನು ಮೂವತ್ತಡಿ ಮೇಲೆ. ಕೊಂಬೆ ಕಡಿದು ಹಗ್ಗದಲ್ಲಿ ತೂಗುತ್ತಿದೆ. ಒಂದು ಸೀಟಿ ಊದಿದೆ, ಬಾಬಾಜಾನ್ ಹಿಡಿದು ನಿಂತ. ಎಲ್ಲ ಸರಿಯಿತ್ತು. ನಾನು ಒಂದು ಹೆಜ್ಜೆ ಆಚೆ ಸರಿದು, ಆಮೇಲೆ ಎರಡು ಊದಬೇಕು.

ಅಷ್ಟರಲ್ಲಿ ಸಾತನೂರಿನ ಸರ್ಕಾರಿ ಬಸ್ಸು ಬಂತು. ಜನ ಹತ್ತಿದರು. ಅದರ ಕಂಡಕ್ಟರ್ ಎರಡು ಸೀಟಿ ಊದಿದ.

ಬಾಬಾಜಾನ್ ಹಗ್ಗ ಬಿಟ್ಟ.

ಕೊಂಬೆ ಕೆಳಗೆ ಹೋಗಿ ಬಾಬಾಜಾನನ ಸ್ಕೂಟರ್ ಮೇಲೆ, ಅದರಲ್ಲಿದ್ದ ಅವನ ಊಟದ ಕ್ಯಾರಿಯರ್ ಮೇಲೆ ಕೂತಿತು. ಹೋಗುವಾಗ ಅದರ ಬುಡ ನನಗೆ ಒದ್ದು ಹೋಯಿತು. ನಾನು ನನ್ನ ಹಗ್ಗದಲ್ಲಿ ಜರ್ರನೆ ಕೆಳಗೆ ಜಾರಿ, ರಸ್ತೆಯ ಮೇಲಕ್ಕೆ ಉಯ್ಯಾಲೆಯಾಡಿ, ಗಕ್ಕನೆ ಬ್ರೇಕ್ ಹಾಕಿದ ಬಸ್ಸಿನ ಕಿಟಕಿ ಮಟ್ಟಕ್ಕೆ ತಲೆಕೆಳಗಾಗಿ ಬಂದು ನಿಂತೆ. ಗಾಯ ಏನಿಲ್ಲ, ಹೆಲ್ಮೆಟ್ ಇತ್ತು, ಬೆಲ್ಟು ಹಿಡಿಯಿತು. ಕಿಟಕಿಯೊಳಗೆ ಲೇಡೀಸ್ ಸೀಟು. ಸೀಟಿನಲ್ಲಿ ಮಮತಾ.

ಸಾತನೂರಿನ ಅಕ್ಕನ ಮನೆಗೆ ಹೊರಟಿದ್ದಳು. ಕೈಯಲ್ಲಿ ಸೊನ್ನೆ ಟಿಕೆಟ್. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು, ಅವಳು ನೆಟ್ಟಗೆ, ನಾನು ಉಲ್ಟಾ. ಅವಳು ಬಸ್ಸಿನಿಂದ ಇಳಿದಳು. ನನ್ನನ್ನು ಇಳಿಸುವವರೆಗೂ ಕಾದಳು. ಆಮೇಲೆ ಕೈ ಚಾಚಿದಳು. ಏನು ಬೇಕು ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕತ್ತಿನಿಂದ ಸೀಟಿ ತೆಗೆದು ಕೊಟ್ಟೆ. ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ವಾಪಸ್ ಬಸ್ಸು ಹಿಡಿದು ಮನೆಗೆ ಹೋದಳು.

ಡಿಸೆಂಬರ್ 8

ಮಾತಿಲ್ಲ.

ಡಿಸೆಂಬರ್ 10

ಮಾತಿಲ್ಲ. ಗುಲಾಬಿಗೆ ನೀರು ಹಾಕುತ್ತಾಳೆ, ನನಗೆ ಕಾಫಿ ಇಲ್ಲ. ಹದಿನಾಲ್ಕು ಕುಂಡ. ಎಣಿಸಿದೆ.

ಡಿಸೆಂಬರ್ 15, ಭಾನುವಾರ

ಬಾಬಾಜಾನ್ ಹೆಂಡತಿ ಗುಲ್ಜಾರ್ ಬೀಯನ್ನು ಮುಂದೆ ಬಿಟ್ಟುಕೊಂಡು ಮನೆಗೆ ಬಂದ. ತಪ್ಪೆಲ್ಲ ತನ್ನದು ಅಂದ. “ಎರಡು ಸೀಟಿ ಕೇಳ್ತು ತಂಗೀ. ಕೈ ತಾನೇ ಹೋಯ್ತು. ನಾನು ಬಿಟ್ಟಿದ್ದಲ್ಲ.” ಮಮತಾ ಅವರಿಗೆ ಕಾಫಿ ಕೊಟ್ಟಳು. ಆ ನೆಪದಲ್ಲಿ ನನಗೂ ಒಂದು ಲೋಟ ಸಿಕ್ಕಿತು.

ಮೇಡಂ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಇನ್ನು ಸೀಟಿ ಬಂದ್, ಬಾಯಲ್ಲೇ ಹೇಳಬೇಕು. ಕೆಲಸ ಬಿಡುತ್ತೇನೆ ಅಂತ ಹೇಳಲು ಹೋಗಿದ್ದೆ. ಗೋಣಿಮರದ ಇನ್ನೊಂದು ಕೊಂಬೆಯಲ್ಲಿ ಅಂಟು ಸುರಿಯುತ್ತಿದೆ, ಅದನ್ನು ನೋಡಿಕೊಂಡು ಬಿಟ್ಟರಾಯಿತು ಅಂದುಕೊಂಡು ವಾಪಸ್ ಬಂದೆ.

ನನಗೆ ಬೇಜಾರಾಗಿರುವುದು ಬಿದ್ದದ್ದಕ್ಕಲ್ಲ. ಕಿಟಕಿಯಲ್ಲಿ ಅವಳ ಮುಖದಲ್ಲಿ ಕೋಪ ಇರಲಿಲ್ಲ. ಹನ್ನೆರಡು ವರ್ಷದ ಹುಡುಗಿಯ ಹಾಗೆ ನೋಡುತ್ತಿದ್ದಳು.

ಜನವರಿ 5, 2025, ಭಾನುವಾರ

ಇವತ್ತು ಮಾತಾಡಿದಳು.

“ಬೈರಾಪಟ್ಟಣದ ಹುಣಸೆಮರ ಬುಡ ಸಮೇತ ಕಡೀರಿ. ಆಮೇಲೆ ಯಾವ್ ಮರನಾದ್ರೂ ಹತ್ಕಳಿ, ನಾನು ಕೇಳಲ್ಲ. ಸೀಟಿ ನನ್ ಹತ್ರನೇ ಇರ್ಲಿ. ನಾನು ಊದಿದ್ರೆ ಮಾತ್ರ ಕೆಲ್ಸ.”

ಅವಳ ತಮ್ಮ ಶಿವಕುಮಾರ್‌ಗೆ ಖುಷಿಯೋ ಖುಷಿ, ಅಲ್ಲಿ ಶೆಡ್ ಹಾಕಬೇಕಂತೆ. ಅತ್ತೆ ಬೇಡ ಅಂದರಂತೆ. ಅವರ ಮಾತನ್ನು ಆ ಮನೆಯಲ್ಲಿ ಕೇಳುವವರು ಯಾರು.

ನಾನು ಹೂಂ ಅಂದೆ. ಅವಳು ಮಾತಾಡಿದ್ದೇ ಸಾಕಾಗಿತ್ತು. ಈಗ ಯೋಚನೆ ಮಾಡಿದರೆ, ಆ ಮರ ಏನು ತಪ್ಪು ಮಾಡಿದೆ ಅನ್ನಿಸುತ್ತದೆ. ಕಡಿಯದಿದ್ದರೆ ನನಗೆ ಹೆಂಡತಿಯೂ ಇಲ್ಲ, ಕೆಲಸವೂ ಇಲ್ಲ.

ಜನವರಿ 12, ಭಾನುವಾರ

ಬೆಳಿಗ್ಗೆ ಎಂಟಕ್ಕೆ ಬೈರಾಪಟ್ಟಣ. ಮೇಡಂ, ಬಾಬಾಜಾನ್, ನಾನು ಹಿತ್ತಲಿಗೆ ಹೋದೆವು. ಮಮತಾ ಹಿತ್ತಲ ಬಾಗಿಲ ಹೊಸಿಲವರೆಗೆ ಬಂದು ಅಲ್ಲೇ ನಿಂತಳು. ಅತ್ತೆ ಕೊಟ್ಟಿಗೆಯ ಕಲ್ಲಿನ ಮೇಲೆ ಕೂತು ನಮ್ಮ ಕಡೆ ನೋಡಲಿಲ್ಲ.

ಹತ್ತಿದೆ. ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಮರ ಗಟ್ಟಿಮುಟ್ಟಾಗಿದೆ, ಇನ್ನೂ ನೂರು ವರ್ಷ ಬದುಕುವ ಮರ. ಮನೆ ಹೆಂಚಿನ ಮೇಲೆ ಬಾಗಿದ ಒಂದು ಒಣಕೊಂಬೆ ಬಿಟ್ಟರೆ ಕಡಿಯಲು ಏನೂ ಇಲ್ಲ. ಇಪ್ಪತ್ತಡಿಯಲ್ಲಿ ಆ ಹಳೆಯ ಗಾಯ ಸಿಕ್ಕಿತು. ಸುತ್ತ ತೊಗಟೆ ತುಟಿಯ ಹಾಗೆ ಉಬ್ಬಿ ಬೆಳೆದಿದೆ, ನಡುವೆ ತೂತು. ಕೈ ಹಾಕಿದೆ. ಮೊಣಕೈವರೆಗೂ ಹೋಯಿತು.

ಟೊಳ್ಳು.

ಅಲ್ಲೇ ಬೆಲ್ಟಿನಲ್ಲಿ ಕೂತು ಯೋಚಿಸಿದೆ. ಆವತ್ತೇ ಟೊಳ್ಳಿತ್ತು, ನಿಮ್ಮಪ್ಪನದೇನೂ ತಪ್ಪಿಲ್ಲ ಅಂತ ಒಂದು ಮಾತು ಹೇಳಿಬಿಟ್ಟರೆ ಮರವೂ ಉಳಿಯುತ್ತದೆ, ಸಂಸಾರವೂ ಉಳಿಯುತ್ತದೆ. ಹದಿನಾಲ್ಕು ಕುಂಡದಷ್ಟು ಸುಳ್ಳು ಹೇಳಿದವನಿಗೆ ಹದಿನೈದನೆಯದು ಕಷ್ಟವಾಗಬಾರದಿತ್ತು. ಇಳಿದು ಬಂದು ಅವಳ ಮುಂದೆ ನಿಂತೆ. ಆ ಸುಳ್ಳು ನಾಲಿಗೆಗೆ ಬರಲಿಲ್ಲ. ಟೊಳ್ಳಿದೆ, ಆದರೆ ಮುರಿಯುವ ಮೊದಲೇ ಇತ್ತೋ ಆಮೇಲೆ ಆಯಿತೋ ಹೇಳಲು ಆಗುವುದಿಲ್ಲ ಅಂತ ಇದ್ದದ್ದನ್ನೇ ಹೇಳಿದೆ.

“ಕಡೀರಿ,” ಅಂದಳು.

ದೊಡ್ಡ ಗರಗಸ ತರಲು ಕೊಟ್ಟಿಗೆಗೆ ಹೋದೆ. ಮೂಲೆಯಲ್ಲಿ ಒಂದು ಮರದ ತುಂಡು ಮಲಗಿತ್ತು. ಒಳಗಿನಿಂದ ಒಂದು ಕೋಳಿ ಕೊರ್ ಅನ್ನುತ್ತಾ ಹೊರಗೆ ಬಂದು, ನನ್ನನ್ನು ಗುರಾಯಿಸಿ, ಮತ್ತೆ ಒಳಗೆ ಹೋಯಿತು. ಎರಡಡಿ ಉದ್ದದ ತುಂಡು, ಒಳಗೆ ಪೂರ್ತಿ ಖಾಲಿ, ಹೊರಗೆ ನಾಲ್ಕು ಬೆರಳು ದಪ್ಪದ ಕಟ್ಟು ಮಾತ್ರ. ಹುಣಸೆ ಮರದ್ದು. ಮೂರು ತಿಂಗಳ ಹಿಂದೆ ನೋಡಿದ್ದರೆ ಕೋಳಿಗೂಡು ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಗರಗಸ ಅಲ್ಲೇ ಬಿಟ್ಟೆ. ಅತ್ತೆಯನ್ನು ಕೇಳಿದೆ, ಇದು ಎಲ್ಲಿಯದು.

“ಆ ಕೊಂಬೇದೇ ಕಣಪ್ಪ,” ಅಂದರು. “ನಿಮ್ ಮಾವ್ನೋರು ಹೋಗಿ ಹನ್ನೊಂದು ದಿನ ಆಗಿರ್ನಿಲ್ಲ, ಕೋಳಿ ಅದ್ರೊಳಗೆ ಕಾವಿಗೆ ಕುಂತಿತ್ತು. ಸೌದೆಗೆ ಒಡ್ಯಕ್ಕೆ ಮನ್ಸು ಬರ್ನಿಲ್ಲ. ಆವತ್ತಿಂದ ಅಲ್ಲೇ ಐತೆ.”

ಹನ್ನೊಂದು ದಿನದಲ್ಲಿ ಯಾವ ಕೊಂಬೆಯೂ ಹೀಗೆ ಟೊಳ್ಳಾಗುವುದಿಲ್ಲ. ಮೇಡಂ ಮುಖ ನೋಡಿದೆ. ಅವರು ಬಂದು ಕೂತು, ಬೆರಳಿನಿಂದ ಸವರಿ, ತಲೆಯಾಡಿಸಿದರು. ಇದು ಹತ್ತಾರು ವರ್ಷದ ಟೊಳ್ಳು, ಯಾರು ಕಾಲಿಟ್ಟರೂ ಮುರಿಯುತ್ತಿತ್ತು ಅಂದರು.

ಮಮತಾಳನ್ನು ಕರೆದೆ. ಬರಲಿಲ್ಲ. ಇನ್ನೊಮ್ಮೆ ಕರೆದೆ. ಹೊಸಿಲ ಮೇಲೆ ನಿಂತು ಮರವನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಇಳಿದಳು. ಮೂವತ್ತೆರಡು ವರ್ಷವಾದ ಮೇಲೆ ಹಿತ್ತಲಿಗೆ ಕಾಲಿಟ್ಟಳು. ಕೊಟ್ಟಿಗೆಗೆ ಬಂದು ತುಂಡಿನೊಳಗೆ ಕೈ ಹಾಕಿದಳು. ಕೋಳಿ ಕುಕ್ಕಿತು, ಕೈ ತೆಗೆಯಲಿಲ್ಲ. ಒಂದು ಮೊಟ್ಟೆ ಹೊರಗೆ ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನಾನು ಹೇಳಿದ್ದನ್ನೆಲ್ಲ ಕೇಳಿದಳು. ಕೇಳಿ, ಹಾಗೇ ಗೊಬ್ಬರದ ಮೇಲೆ ಕೂತುಬಿಟ್ಟಳು.

“ಅಪ್ಪ ಕುಡ್ದಿರ್ನಿಲ್ಲ,” ಅಂದಳು.

“ಅದ್ನೇ ಅಲ್ವೇನೇ ನಾನು ಬಡ್ಕೊಂಡಿದ್ದು,” ಅಂದರು ಅತ್ತೆ.

ಆಮೇಲೆ ತಾಯಿ ಮಗಳು ಅತ್ತದ್ದನ್ನು ನೋಡಲಾಗಲಿಲ್ಲ. ನಾನೂ ಬಾಬಾಜಾನೂ ಗಂಟಿಲ್ಲದ ಹಗ್ಗದಲ್ಲಿ ಗಂಟು ಬಿಚ್ಚುತ್ತಾ ನಿಂತೆವು. ಬಾಬಾಜಾನ್ ಕಣ್ಣಿಗೆ ಧೂಳು ಬಿತ್ತು ಅಂದ. ನನಗೂ ಬಿದ್ದಿತ್ತು. ಶಿವಕುಮಾರ್ ಶೆಡ್ಡಿನ ಮಾತು ತೆಗೆಯಲು ಬಂದ, ಗುರಾಯಿಸುವ ಸರದಿ ಈಗ ಅತ್ತೆಯದು, ಅವನು ವಾಪಸ್ ಹೋದ.

ಮಮತಾ ಎದ್ದು ಮೊಟ್ಟೆಯನ್ನು ಇದ್ದ ಜಾಗದಲ್ಲೇ ಇಟ್ಟಳು. ಮನೆಯೊಳಗೆ ಹೋಗಿ ಬಂದಳು. ತಲೆಯಲ್ಲಿದ್ದ ಗುಲಾಬಿ, ನನ್ನ ಹದಿನಾಲ್ಕು ಸುಳ್ಳಿನಲ್ಲಿ ಒಂದು ಬಿಟ್ಟ ಹೂವು, ಈಗ ಇರಲಿಲ್ಲ. ಎಲ್ಲಿಟ್ಟು ಬಂದಳು ಅಂತ ನಾನು ಕೇಳಲಿಲ್ಲ. ನಡುಮನೆಯ ಗೋಡೆಯಲ್ಲಿ ಮಾವನವರ ಫೋಟೋ ಇದೆ.

ಒಣಗಿರುವುದನ್ನು ಮಾತ್ರ ತೆಗೆಯಿರಿ ಅಂದಳು. ಹತ್ತಿದೆ. ಅಡಿಯಿಂದ ಕೊಯ್ದು, ಮೇಲಿನಿಂದ ಕೊಯ್ದು, ಉಬ್ಬು ಮುಟ್ಟದೆ ಬಿಡಿಸಿದೆ. ಕೊಂಬೆ ಹಗ್ಗದಲ್ಲಿ ತೂಗಿತು. ಪಕ್ಕಕ್ಕೆ ಸರಿದು ಕೆಳಗೆ ನೋಡಿದೆ. ಬಾಬಾಜಾನ್ ಹಗ್ಗ ಹಿಡಿದು, ನನ್ನನ್ನು ಬಿಟ್ಟು ಅವಳನ್ನು ನೋಡುತ್ತಿದ್ದ. ಸೀಟಿ ಬಂದ್ ಅಂದಿದ್ದ ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. ಮಮತಾ ಸೆರಗಿನ ಗಂಟು ಬಿಚ್ಚಿದಳು. ಸೀಟಿಯನ್ನು ಸೆರಗಿನಲ್ಲೇ ಒರೆಸಿ ಬಾಯಿಗಿಟ್ಟುಕೊಂಡಳು. ನಾನು ಆಚೆ ಸರಿದಿದ್ದೇನಾ, ನನ್ನ ಹಗ್ಗ ಬಿಗಿಯಾಗಿದೆಯಾ ಅಂತ ತಲೆಯೆತ್ತಿ ಬಹಳ ಹೊತ್ತು ನೋಡಿದಳು.

ಎರಡು ಊದಿದಳು.

ಬಾಬಾಜಾನ್ ಹಗ್ಗ ಬಿಡುತ್ತಾ ಕೊಂಬೆಯನ್ನು ಹಸುಗೂಸಿನ ಹಾಗೆ ನೆಲಕ್ಕೆ ಇಳಿಸಿದ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಸೀಟಿಗೆ ಒಂದು ದಿನವೂ ಅವನು ಬಸ್ಸನ್ನು ಅಷ್ಟು ಮೆತ್ತಗೆ ಎತ್ತಿರಲಿಲ್ಲ.